ಹಳೇ ಸಫಾರಿಗೆ ಯಾವ ಟೈರ್, ಯಾವ ಶಾಕ್? ಎರಡನ್ನೂ ಓಡಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಾಸರಗೋಡಿನ ರಸ್ತೆಗಳಿಗೆ ನನ್ನ ಆಯ್ಕೆ ಎಚ್‌ಟಿ (ಹೈವೇ ಟೆರೇನ್) ಟೈರ್ ಮತ್ತು ಗ್ಯಾಸ್ ಶಾಕ್ (ಶಾಕ್ ಅಬ್ಸಾರ್ಬರ್). ನನ್ನದು 2010ರ ಟಾಟಾ ಸಫಾರಿ ಡೈಕೋರ್. ಈ ಜೋಡಿ ಹಾಕಿದ ಮೇಲೆ ಹಿಂದಿನ ಸೀಟಿನಲ್ಲಿ ಕೂತ ಅಮ್ಮ ಸುಳ್ಯದವರೆಗೆ ವಾಂತಿಯ ಭಯವಿಲ್ಲದೆ ಬರುತ್ತಾರೆ. ಗಾಡಿ ಮಾರುವ ಮಾತು ಮನೆಯಲ್ಲಿ ನಿಂತುಹೋಗಿದೆ.

ಇಷ್ಟು ಧೈರ್ಯವಾಗಿ ಹೇಳಲು ಕಾರಣ ಭಾವನ ಗಾಡಿ. ಅವರದ್ದೂ ಅದೇ ಮಾಡೆಲ್, ಟೈರೂ ಅದೇ 235/70 ಆರ್16 ಅಳತೆ. ನಾನಿರುವುದು ಬದಿಯಡ್ಕದ ಹತ್ತಿರ, ಅವರು ಮುಳ್ಳೇರಿಯದಿಂದ ಒಳಗೆ ಗುಡ್ಡದ ಮೇಲೆ. ಮೊದಲು ನಾನು ಎಚ್‌ಟಿ ಟೈರ್ ಮತ್ತು ಸಾದಾ ಎಣ್ಣೆ ಶಾಕ್ ಹಾಕಿಸಿದ್ದೆ. ಅವರು ಎಟಿ (ಆಲ್ ಟೆರೇನ್) ಟೈರ್ ಮತ್ತು ಗ್ಯಾಸ್ ಶಾಕ್ ಹಾಕಿಸಿದ್ದರು. ಅವರ ಗಾಡಿ ನನ್ನದಕ್ಕಿಂತ ಹಿಡಿತದಲ್ಲಿ ಓಡುತ್ತಿತ್ತು, ಆದರೆ ಅದು ಟೈರಿನ ಗುಣವೋ ಶಾಕಿನದ್ದೋ ಗೊತ್ತಾಗಬೇಕಲ್ವಾ? ಅದಕ್ಕೆ ಮಳೆಗಾಲದಲ್ಲಿ ಡಿಸ್ಕ್ (ರಿಮ್) ಸಮೇತ ನಾಲ್ಕೂ ಚಕ್ರ ಅದಲುಬದಲು ಮಾಡಿಕೊಂಡೆವು. ಶಾಕ್ ಅವರವರ ಗಾಡಿಯಲ್ಲೇ ಉಳಿಯಿತು.

ಎಚ್‌ಟಿ ಎಂದರೆ ಡಾಂಬರು ರಸ್ತೆಯನ್ನು ಮನಸ್ಸಿನಲ್ಲಿಟ್ಟು ಮಾಡಿದ ಟೈರ್. ಎಟಿ ಡಾಂಬರಿಗೂ ಮಣ್ಣಿಗೂ ಆಗುವಂಥದ್ದು. ಅದರ ರಬ್ಬರ್ ಕಟ್ಟೆಗಳು ದೊಡ್ಡವು, ನಡುವಿನ ಸಂದು ಅಗಲ. ಆ ಸಂದಿನಿಂದಲೇ ಕೆಸರು ಹೊರಗೆ ಹೋಗುತ್ತದೆ, ಆ ಸಂದಿನಿಂದಲೇ ಸದ್ದೂ ಬರುತ್ತದೆ. ಎಟಿ ಚಕ್ರ ನನ್ನ ಗಾಡಿಗೆ ಬಂದಾಗ 60 ದಾಟಿದ ಕೂಡಲೇ ಒಂದೇ ಸಮನೆ ಗುಂಯ್ ಎನ್ನಲು ಶುರುವಾಯಿತು. ತಲಪಾಡಿ ಕಡೆಗೆ ಹೊಸ ಅಗಲ ಹೆದ್ದಾರಿಯಲ್ಲಿ ಹೋಗುವಾಗ ಹಿಂದೆ ಕೂತವರ ಜೊತೆ ಮಾತಾಡಲು ಸ್ವರ ಏರಿಸಬೇಕಾಗುತ್ತಿತ್ತು. ನನ್ನ ಓಡಾಟ ಜಾಸ್ತಿ ಮಂಗಳೂರು, ಕಾಸರಗೋಡು ಪೇಟೆ, ಸುಳ್ಯ. ಎಲ್ಲವೂ ಡಾಂಬರು. ಒದ್ದೆ ಡಾಂಬರಿನಲ್ಲಿ ಬ್ರೇಕ್ ಒತ್ತಿದಾಗ ಎಚ್‌ಟಿ ಕೊಡುವ ಭರವಸೆ ನನಗೆ ಎಟಿಯಲ್ಲಿ ಸಿಗಲಿಲ್ಲ. ಎಚ್‌ಟಿಯಲ್ಲಿ ಸಣ್ಣ ಸಣ್ಣ ಸೀಳುಗಳು ಒತ್ತೊತ್ತಾಗಿವೆ, ನೆಲಕ್ಕೆ ತಾಗುವ ರಬ್ಬರೂ ಜಾಸ್ತಿ. ನಾನು ಹಾಕಿದ್ದು ಅಪೊಲೊ ಆಪ್ಟೆರಾ ಎಚ್‌ಟಿ2. ಅದರ ಬಗ್ಗೆ ನನ್ನ ತಕರಾರು ಏನೂ ಇಲ್ಲ.

ಆದರೆ ಭಾವನ ತೋಟದ ಏರು ಬೇರೆಯೇ ಕಥೆ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಅಲ್ಲಿಯ ಕೆಂಪು ಮಣ್ಣು ಬೆಣ್ಣೆಯಂತೆ ಜಾರುತ್ತದೆ. ನನ್ನ ಎಚ್‌ಟಿ ಚಕ್ರ ಹಾಕಿಕೊಂಡು ಅವರು ಅರ್ಧ ಏರಿನಲ್ಲೇ ನಿಂತರು. ಎಟಿಯಲ್ಲಿ ಅದೇ ಏರನ್ನು ನಿಲ್ಲಿಸದೆ ಹತ್ತುತ್ತಿದ್ದರು. ಮನೆಗೆ ಹೋಗುವ ದಾರಿಯೇ ಹಾಗಿದ್ದರೆ ಎಟಿ ತೆಗೆದುಕೊಳ್ಳಿ, ಸದ್ದು ಸಹಿಸಿಕೊಳ್ಳಿ. ಪಾಚಿ ಹಿಡಿದ ಕಾಂಕ್ರೀಟ್ ಏರಿಗೆ ಮಾತ್ರ ಎರಡೂ ಅಷ್ಟಕ್ಕಷ್ಟೇ.

ಒಬ್ಬರು 265/70 ಅಳತೆಯ ದೊಡ್ಡ ಟೈರ್ ಹಾಕಿಸಿ, ಗಾಡಿ ಎತ್ತರ ಕಾಣುತ್ತದೆ ಎಂದರು. ಬೇಡವೇ ಬೇಡ. ಚಕ್ರದ ವ್ಯಾಸ ಸುಮಾರು 735 ಮಿ.ಮೀ.ನಿಂದ 777ಕ್ಕೆ ಏರುತ್ತದೆ. ಮೀಟರ್ 60 ತೋರಿಸುವಾಗ ಗಾಡಿ 63 ದಾಟಿರುತ್ತದೆ. ಎಂಜಿನ್ನಿಗೂ ಬ್ರೇಕಿಗೂ ಸುಮ್ನೆ ಭಾರ.

ಈಗ ಶಾಕ್. ಗಾಡಿಯ ಭಾರ ಹೊರುವುದು ಶಾಕ್ ಅಲ್ಲ. ಸಫಾರಿಯಲ್ಲಿ ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು), ಹಿಂದೆ ಕಾಯಿಲ್ ಸ್ಪ್ರಿಂಗ್ ಅದನ್ನು ಹೊರುತ್ತವೆ. ಅವು ಕುಣಿಯುವುದನ್ನು ನಿಲ್ಲಿಸುವುದು ಶಾಕಿನ ಕೆಲಸ. ಎರಡು ಬಗೆಯಲ್ಲೂ ಒಳಗಿರುವುದು ಎಣ್ಣೆಯೇ. ಗ್ಯಾಸ್ ಶಾಕಿನಲ್ಲಿ ಆ ಎಣ್ಣೆಯ ಮೇಲೆ ನೈಟ್ರೋಜನ್ ಒತ್ತಡವಿರುತ್ತದೆ. ಹೊಂಡದ ಮೇಲೆ ಹೊಂಡ ಬಂದಾಗ ಸಾದಾ ಶಾಕಿನ ಎಣ್ಣೆ ನೊರೆಯಾಗುತ್ತದೆ, ನೊರೆಗೆ ತಡೆಯುವ ಶಕ್ತಿ ಇಲ್ಲ. ಚೆರ್ಕಳ–ಜಾಲ್ಸೂರು ದಾರಿಯಲ್ಲಿ ಮಳೆಗೆ ಕಿತ್ತುಹೋದ ಕಡೆಗಳಲ್ಲಿ ಇದು ನನಗೆ ಚೆನ್ನಾಗಿ ಗೊತ್ತಾಯಿತು. ಶುರುವಿಗೆ ನನ್ನ ಗಾಡಿಯೂ ಸರಿಯೇ ಇರುತ್ತಿತ್ತು. ಹೊಂಡಗಳು ಮುಗಿಯದೇ ಹೋದರೆ ಮೂತಿ ಕುಣಿಯಲು ಶುರು. ಭಾವನ ಗಾಡಿ ಕೊನೆಯವರೆಗೂ ಒಂದೇ ಥರ. ಟೈರ್ ಬದಲಿಸಿಕೊಂಡ ಮೇಲೂ ಹಾಗೇ ಇತ್ತು. ಆ ಹಿಡಿತ ಶಾಕಿನದ್ದೇ ಎಂದು ಆಗ ಖಾತ್ರಿಯಾಯಿತು.

ಗ್ಯಾಸ್ ಶಾಕ್ ಹಾಕಿದರೂ ತಿರುವಿನಲ್ಲಿ ಗಾಡಿ ವಾಲುವುದು ನಿಲ್ಲುವುದಿಲ್ಲ, ಎತ್ತರದ ಗಾಡಿ ಅದು. ಆದರೆ ಒಮ್ಮೆಲೇ ಮಗುಚಿದಂತೆ ವಾಲುವುದಿಲ್ಲ, ನಿಧಾನಕ್ಕೆ ವಾಲಿ ನಿಲ್ಲುತ್ತದೆ. ಸಣ್ಣ ಕಲ್ಲು, ಹಂಪ್ ಸ್ವಲ್ಪ ಜಾಸ್ತಿ ಗೊತ್ತಾಗುತ್ತವೆ. ಅಷ್ಟೇ ಅದರ ಕೊರತೆ.

ಹಾಗಾಗಿ ನಾನೂ ಗ್ಯಾಸ್ ಶಾಕ್ ಹಾಕಿಸಿದೆ. ತಲೆನೋವು ಶುರುವಾದದ್ದು ಅಲ್ಲಿಂದ. ಗ್ಯಾರೇಜಿನಿಂದ ಹೊರಟು ಮನೆ ಮುಟ್ಟುವ ಮೊದಲೇ ಮುಂದಿನಿಂದ ಕಿರ್ರ್ ಕಿರ್ರ್ ಸದ್ದು. ಹಂಪ್ ಮೇಲೆ ನಿಧಾನ ಹತ್ತಿದರೆ ಇನ್ನೂ ಜೋರು. ಹೊಸತು, ಸೆಟ್ ಆಗುತ್ತದೆ ಎಂದರು. ಆಗಲಿಲ್ಲ. ಮತ್ತೆ ಹೋದಾಗ ಕೀಲುಗಳಲ್ಲಿರುವ ರಬ್ಬರ್ ಬುಷ್‌ಗಳಿಗೆ ಎಣ್ಣೆ ಹೊಡೆದು ಕಳಿಸಿದರು. ಸದ್ದು ಒಂದು ಮಳೆಯವರೆಗೆ ನಿಂತಿತ್ತು, ಅಷ್ಟೇ. ಎಣ್ಣೆ ತಾಗಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ, ಹಾಗಾಗಿ ಅದು ಪರಿಹಾರವೇ ಅಲ್ಲ. ಆಮೇಲೆ ಬಾಲ್ ಜಾಯಿಂಟ್ (ಮುಂದಿನ ಚಕ್ರದ ಗುಂಡು ಕೀಲು) ಬದಲಿಸಬೇಕು ಎಂಬ ಮಾತು ಬಂತು. ಸರಿಯಾಗಿಯೇ ಇದ್ದ ಬಾಲ್ ಜಾಯಿಂಟ್ ಯಾಕೆ ಬದಲಿಸಬೇಕು?

ಕೊನೆಗೆ ಸುಳ್ಯದಲ್ಲಿ ಒಬ್ಬರು ಹಿರಿಯ ಮೆಕ್ಯಾನಿಕ್ ನೋಡಿದರು. ಅವರು ಕೇಳಿದ್ದು ಒಂದೇ ಪ್ರಶ್ನೆ: “ಬೋಲ್ಟ್ ಟೈಟ್ ಮಾಡುವಾಗ ಗಾಡಿ ಜಾಕಿ ಮೇಲಿತ್ತಾ, ನೆಲದ ಮೇಲಿತ್ತಾ?” ಜಾಕಿ ಮೇಲಿತ್ತು. ವಿಷಯ ಇಷ್ಟೇ. ಶಾಕಿನ ಕೆಳಗಿನ ಕಣ್ಣಿನಲ್ಲಿ, ಅಂದರೆ ಬೋಲ್ಟ್ ಹಾಯುವ ಬಳೆಯಲ್ಲಿ, ರಬ್ಬರ್ ಬುಷ್ ಇರುತ್ತದೆ. ಬೋಲ್ಟ್ ಬಿಗಿಯಾದ ಕೂಡಲೇ ಅದರ ಒಳಗಿನ ಕೊಳವೆ ಆ ಕೋನದಲ್ಲೇ ನಿಂತುಬಿಡುತ್ತದೆ. ಚಕ್ರ ಗಾಳಿಯಲ್ಲಿ ಜೋತುಬಿದ್ದಿರುವಾಗ ಬಿಗಿದರೆ, ಗಾಡಿ ನೆಲಕ್ಕೆ ಇಳಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ. ಸದ್ದೂ ಬರುತ್ತದೆ, ಬೇಗ ಹರಿಯುತ್ತದೆ. ಅವರು ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ ಬೋಲ್ಟ್ ಸಡಿಲ ಮಾಡಿದರು, ಬಾನೆಟ್ ಒತ್ತಿ ಒಮ್ಮೆ ಕುಣಿಸಿದರು, ಚಕ್ರದ ಮೇಲೆ ಭಾರ ಇರುವಾಗಲೇ ಮತ್ತೆ ಬಿಗಿದರು. ಸದ್ದು ಹೋಯಿತು. ಯಾವ ಶಾಕ್ ಹಾಕಿಸಿದರೂ ಈ ಒಂದು ಮಾತನ್ನು ಗ್ಯಾರೇಜಿನಲ್ಲಿ ನಿಂತು ಹೇಳಿ. ಟಾರ್ಷನ್ ಬಾರ್ ಎತ್ತರ ಎರಡೂ ಬದಿ ಸಮ ಇದೆಯೇ ನೋಡಿಸಿ, ಆಮೇಲೆ ಅಲೈನ್‌ಮೆಂಟ್. ಎತ್ತರ ಬದಲಾದರೆ ಅಲೈನ್‌ಮೆಂಟೂ ಬದಲಾಗುತ್ತದೆ.

ಟೈರ್ ಕೊಳ್ಳುವಾಗ ಬದಿಯ ನಾಲ್ಕಂಕಿ ನೋಡಿ. 3524 ಎಂದಿದ್ದರೆ ಅದು 2024ರ 35ನೇ ವಾರದಲ್ಲಿ ತಯಾರಾದದ್ದು. ಇದು ಎಷ್ಟೋ ಟೈರುಗಳಲ್ಲಿ ಒಂದೇ ಬದಿಯಲ್ಲಿ ಇರುತ್ತದೆ, ಹಾಗಾಗಿ ಡಿಸ್ಕಿಗೆ ಹಾಕುವ ಮೊದಲೇ ನೋಡಬೇಕು.

ದುಡ್ಡಿನ ಮಾತು: ನಾಲ್ಕು ಟೈರಿಗೆ ಕೊಟ್ಟದ್ದರ ಅರ್ಧವೂ ನನಗೆ ಶಾಕಿಗೆ ಬೀಳಲಿಲ್ಲ. ಗ್ಯಾಸ್ ಮತ್ತು ಸಾದಾ ಶಾಕಿನ ನಡುವಿನ ವ್ಯತ್ಯಾಸ ಇನ್ನೂ ಸಣ್ಣದು, ಅಲ್ಲಿ ಉಳಿಸಲು ಹೋಗಬೇಡಿ. ಒಂದೇ ವರ್ಷ ಎರಡೂ ಆಗದಿದ್ದರೆ, ಟೈರ್ ಬಿರುಕು ಬಿಟ್ಟಿದ್ದರೆ ಟೈರ್ ಮೊದಲು. ಟೈರ್ ಚೆನ್ನಾಗಿದ್ದರೆ ಗ್ಯಾಸ್ ಶಾಕ್ ಮೊದಲು. ಭಾವ ಎಟಿಯನ್ನೇ ಇಟ್ಟುಕೊಂಡಿದ್ದಾರೆ, ಅವರ ಗುಡ್ಡಕ್ಕೆ ಅದೇ ಸರಿ. ನಾನು ನನ್ನ ಎಚ್‌ಟಿಗಳನ್ನು ವಾಪಸ್ ತಂದೆ, ಸವೆದ ಮೇಲೂ ಅದನ್ನೇ ಹಾಕಿಸುತ್ತೇನೆ.