ಜಿಎಂಎಸ್–ಸಿಎಂಸಿ ಜೋಡಿ ಪ್ಯಾಕು: ಪುಡಿ ಒಳ್ಳೆಯದು, ಅಳತೆ ಚೀಟಿ ಸಾಲದು

ಮನೆ ಐಸ್‌ಕ್ರೀಮಿಗೆಂದು ಬೇಕರಿ ಸಾಮಾನಿನ ಅಂಗಡಿಗಳಲ್ಲಿ ಮಾರುವ ಜೋಡಿ ಇದು. ಜಿಎಂಎಸ್ (ಗ್ಲಿಸೆರಾಲ್ ಮೊನೊಸ್ಟಿಯರೇಟ್) ಸರ್ಫ್ಯಾಕ್ಟಂಟ್, ಅಂದರೆ ಕೊಬ್ಬು ನೀರನ್ನು ಬೆರೆಸಿ ಹಿಡಿಯುವ ವಸ್ತು; ಆಹಾರ ಸೇರ್ಪಡೆಗಳ ಅಂತರರಾಷ್ಟ್ರೀಯ ಸಂಖ್ಯೆ ಐಎನ್‌ಎಸ್ 471. ಸಿಎಂಸಿ (ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್) ಸಸ್ಯನಾರಾದ ಸೆಲ್ಯುಲೋಸಿನಿಂದ ಮಾಡಿದ ಅಂಟು, ಐಎನ್‌ಎಸ್ 466. ಎರಡೂ ಬಿಳಿ, ವಾಸನೆಯಿಲ್ಲ. ಕೊರತೆ ಇರುವುದು ಚೀಟಿಯಲ್ಲಿ: ಚಮಚದ ಲೆಕ್ಕ ಕೊಟ್ಟಿದ್ದಾರೆ, ತೂಕದ್ದಲ್ಲ. ಅರ್ಧ ಲೀಟರ್ ಹಾಲಿಗೆ ಜಿಎಂಎಸ್ 2.5 ಗ್ರಾಂ, ಸಿಎಂಸಿ 0.75 ಗ್ರಾಂ ಸಾಕು. ಸಿಎಂಸಿ ಹೆಚ್ಚಾದರೆ ಐಸ್‌ಕ್ರೀಮು ಬಾಯಲ್ಲಿ ಲೋಳೆಲೋಳೆ.

ಸಿಎಂಸಿಯನ್ನು ನೇರ ಹಾಲಿಗೆ ಸುರಿದರೆ ಹೊರಪದರ ಮಾತ್ರ ನೆನೆದು ಗಂಟು ಕಟ್ಟುತ್ತದೆ. ಹತ್ತುಪಟ್ಟು ಸಕ್ಕರೆಯೊಂದಿಗೆ ಬೆರೆಸಿ ಉದುರಿಸಿ. ಜಿಎಂಎಸ್ ಕರಗಲು ಹಾಲು 70 ಡಿಗ್ರಿ ದಾಟಲೇಬೇಕು. ತಣ್ಣನೆ ಹಾಲಲ್ಲಿ ಅದು ಮೇಣದ ಚೂರಿನಂತೆ ಉಳಿಯುತ್ತದೆ.

ಚೀಟಿ ಹೇಳದ ಮುಖ್ಯ ಸಂಗತಿ ಕಾರ್ನ್‌ಫ್ಲೋರಿನದು. ಕಾರ್ನ್‌ಫ್ಲೋರ್ ಎಂದರೆ ಪಿಷ್ಟ; ಅದರಲ್ಲಿರುವ ಅಮೈಲೋಸ್ ಎಂಬ ಉದ್ದ ಅಣುವಿನ ಸುರುಳಿಯೊಳಗೆ ಜಿಎಂಎಸ್‌ನ ಕೊಬ್ಬಿನ ಬಾಲ ಹೊಕ್ಕು ಕೂರುತ್ತದೆ. ಹಾಗಾಗಿ ಸುರುಳಿಗಳು ಒಂದಕ್ಕೊಂದು ಹೆಣೆದು ಗಟ್ಟಿ ಜೆಲ್ ಆಗುವುದಿಲ್ಲ. ಕಾರ್ನ್‌ಫ್ಲೋರ್ ಹಾಕಿದ ಐಸ್‌ಕ್ರೀಮಿಗೆ ಇದು ವರ, ಮಿಶ್ರಣ ಮೃದುವಾಗಿರುತ್ತದೆ. ಆದರೆ ಚಾಕುವಿನಿಂದ ಕತ್ತರಿಸುವ ಕಾರ್ನ್‌ಫ್ಲೋರ್ ಪುಡ್ಡಿಂಗಿಗೆ ಇದೇ ಜಿಎಂಎಸ್ ಹಾಕಿದರೆ ಸರಿಯಾಗಿ ಸೆಟ್ ಆಗದು. ಅಲ್ಲಿಗೆ ಚೈನಾ ಗ್ರಾಸ್ ಕೊಳ್ಳಿ.