‘ದೇವಮಾತೆ’ಯ ಸಮಾಸ ಬಿಡಿಸಿದ ಮೂರು ಶನಿವಾರಗಳು

ಕ್ರಿಸ್ಮಸ್ಸಿಗೆ ಮುಂಚಿನ ಕಳೆದ ಆಗಮನಕಾಲದಲ್ಲಿ ಬಳ್ಳಾರಿಯ ಒಂದು ಧರ್ಮಕೇಂದ್ರದವರು ಯೇಸುವಿನ ತಾಯಿ ಮರಿಯಮ್ಮನವರ ‘ದೇವಮಾತೆ’ ಎಂಬ ಬಿರುದಿನ ಬಗ್ಗೆ ಮೂರು ಶನಿವಾರ ಸಂಜೆ ತರಗತಿ ನಡೆಸಿದರು. ತಲೆಗೆ 150 ರೂಪಾಯಿ ಶುಲ್ಕ. ಒಂದು ಸಣ್ಣ ಕೈಪಿಡಿ, ಚಹಾ, ಪ್ರತಿ ಸಂಜೆ ಒಂದು ತಟ್ಟೆ ಒಗ್ಗರಣೆ ಮತ್ತು ಎರಡು ಮಿರ್ಚಿ ಅದರಲ್ಲೇ ಸೇರಿದ್ದವು. ನಾನು ಹುಟ್ಟು ಕಥೋಲಿಕ. ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಹತ್ತು ಮಣಿಗಳ ಐದು ಸುತ್ತಿನ ಒಂದು ಜಪಸರ ಮುಗಿಯುವಷ್ಟರಲ್ಲಿ, ಆರಂಭದ ಮೂರೂ ಸೇರಿ, 53 ಸಲ ಆ ತಾಯಿಯನ್ನು ದೇವಮಾತೆ ಎಂದು ಕರೆಯುತ್ತೇನೆ. ವಿದ್ಯಾರ್ಥಿಗಳಿಂದ ನೂರಾರು ಸಮಾಸಗಳನ್ನು ಬಿಡಿಸಿ ಬರೆಸಿದ ನಾನು ಈ ಒಂದನ್ನು ಮಾತ್ರ ಎಂದೂ ಬಿಡಿಸಿ ನೋಡಿರಲಿಲ್ಲ.

ಮೊದಲ ಸಂಜೆ ನಿರೀಕ್ಷೆಗಿಂತ ಹೆಚ್ಚು ಜನ ಬಂದಿದ್ದರು, ಕುರ್ಚಿ ಸಾಲದೆ ಕೆಲವರು ಗೋಡೆಗೊರಗಿ ನಿಂತರು. ಕಾರಣ ಊಹಿಸುವುದು ಕಷ್ಟವಿರಲಿಲ್ಲ. 2025ರ ನವೆಂಬರ್ 4ರಂದು ವ್ಯಾಟಿಕನ್ನಿನ ವಿಶ್ವಾಸ ಸಿದ್ಧಾಂತದ ಇಲಾಖೆ, ಪೋಪ್ ಹದಿನಾಲ್ಕನೆಯ ಲಿಯೋ ಅವರ ಒಪ್ಪಿಗೆ ಪಡೆದು, ಮರಿಯಮ್ಮನವರ ಬಿರುದುಗಳ ಕುರಿತು ಒಂದು ಟಿಪ್ಪಣಿಯನ್ನು ಹೊರಡಿಸಿತ್ತು. ಅದು ನಮ್ಮವರ ಫೋನುಗಳಿಗೆ ತಲುಪುವ ಹೊತ್ತಿಗೆ ‘ರೋಮಿನವರು ಮಾತೆಯ ಬಿರುದುಗಳನ್ನು ಕಿತ್ತುಹಾಕಿದರಂತೆ’ ಎಂಬ ಗುಲ್ಲಾಗಿತ್ತು. ಪಾಠ ಹೇಳಿದ ಫಾದರ್ ಆ ಟಿಪ್ಪಣಿಯನ್ನೇ ಕೈಯಲ್ಲಿ ಹಿಡಿದು, ಅದು ಬೇಡವೆಂದದ್ದು ‘ಸಹವಿಮೋಚಕಿ’ (ಕ್ರಿಸ್ತರ ಜೊತೆಗೂಡಿ ವಿಮೋಚಿಸಿದವಳು) ಎಂಬ ಬಿರುದನ್ನು, ಎಚ್ಚರಿಕೆಯಿಂದ ಬಳಸಿ ಎಂದದ್ದು ‘ಮಧ್ಯಸ್ಥೆ’ ಎಂಬುದನ್ನು, ಮುಟ್ಟದೆ ಬಿಟ್ಟದ್ದು ‘ದೇವಮಾತೆ’ಯನ್ನು ಎಂದು ಹತ್ತೇ ನಿಮಿಷದಲ್ಲಿ ತಿಳಿಹೇಳಿದರು. ಮೊದಲ ಎರಡು ಭಕ್ತಿಯ ಮಾತುಗಳು, ಮೂರನೆಯದು ಧರ್ಮಾಧ್ಯಕ್ಷರು (ಬಿಷಪ್ಪರು) ಸೇರಿದ 431ರ ಎಫೆಸಸ್ ಮಹಾಸಭೆಯಿಂದ ಬಂದ ವಿಶ್ವಾಸ ಸತ್ಯ ಎಂಬ ಈ ವ್ಯತ್ಯಾಸವನ್ನು ಅಷ್ಟು ಸ್ಪಷ್ಟವಾಗಿ ನಾನು ಹಿಂದೆ ಯಾವ ಪ್ರವಚನದಲ್ಲೂ ಕೇಳಿರಲಿಲ್ಲ.

ನನಗೆ ಶುಲ್ಕದ ಹಣ ಪೂರ್ತಿ ವಸೂಲಾದದ್ದು ಅದರ ನಂತರದ ಅರ್ಧ ಗಂಟೆಯಲ್ಲಿ. ಕನಕ ದುರ್ಗಮ್ಮನ ಗುಡಿಯಿರುವ ಈ ಊರಿನಲ್ಲಿ, ಹುಲಿಗೆಮ್ಮನ ಜಾತ್ರೆಗೆ ನೆರೆಹೊರೆಯವರು ಬುತ್ತಿ ಕಟ್ಟಿಕೊಂಡು ಹೋಗುವ ಈ ಸೀಮೆಯಲ್ಲಿ, ‘ದೇವಮಾತೆ’ ಎಂದೊಡನೆ ಕೇಳುಗರ ಕಿವಿಗೆ ಬೀಳುವುದು ‘ದೇವಿಯಾದ ತಾಯಿ’ ಎಂಬ ಅರ್ಥವೇ. ಫಾದರ್ ಹಲಗೆಯ ಮೇಲೆ ‘ದೇವರ + ಮಾತೆ’ ಎಂದು ಬರೆದು ನನ್ನ ಕಡೆ ನೋಡಿದರು. ನಾನು ಷಷ್ಠೀ ತತ್ಪುರುಷ ಎಂದೆ. ಅದನ್ನು ಕರ್ಮಧಾರಯವೆಂದು ಬಗೆದರೆ ಮರಿಯಮ್ಮನವರು ದೇವತೆಯಾಗಿಬಿಡುತ್ತಾರೆ, ಮತ್ತು ಧರ್ಮಸಭೆ ಅದನ್ನು ಎಂದೂ ಹೇಳಿಲ್ಲ. ಸಂಸ್ಕೃತದಲ್ಲಿ ದೇವಮಾತೃ ಎಂಬುದು ಅದಿತಿಯ ಹೆಸರಾಗಿರುವುದರಿಂದ ಗೊಂದಲಕ್ಕೆ ಇನ್ನೊಂದು ಬಾಗಿಲೂ ತೆರೆದಿದೆ. ಈ ಬಿರುದಿನ ಮೂಲವಾದ ಗ್ರೀಕರ ‘ಥಿಯೊಟೊಕೋಸ್’ ಪದದಲ್ಲಿ ಮಾತೆ ಎಂಬ ಮಾತೇ ಇಲ್ಲ. ಅದರ ನೇರ ಅರ್ಥ ‘ದೇವರನ್ನು ಹೆತ್ತವಳು’. ನಮ್ಮ ಕಡೆಯ ‘ಹಡೆದವ್ವ’ ಅದಕ್ಕೆ ಎಷ್ಟು ಹತ್ತಿರದ ಮಾತು! ಪ್ರಾರ್ಥನೆಗಳನ್ನು ಕನ್ನಡಕ್ಕೆ ತಂದವರು ಸಂಸ್ಕೃತದ ಕಡೆಗೆ ಕೈಚಾಚುವ ಮೊದಲು ಒಮ್ಮೆ ನಮ್ಮ ಹಳ್ಳಿಗಳ ಕಡೆ ತಿರುಗಿ ನೋಡಬಹುದಿತ್ತು ಎಂಬುದು ನನ್ನ ಹಳೆಯ ದೂರು, ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಎರಡನೆಯ ಸಂಜೆಯ ವಿಷಯ ಎಫೆಸಸ್. ಕಾನ್‌ಸ್ಟಾಂಟಿನೋಪಲಿನ ಧರ್ಮಾಧ್ಯಕ್ಷರಾಗಿದ್ದ ನೆಸ್ತೋರಿಯಸರಿಗೆ ‘ದೇವರನ್ನು ಹೆತ್ತವಳು’ ಎಂಬ ಮಾತು ಹಿಡಿಸಲಿಲ್ಲ. ಅನಾದಿಯಾದ ದೇವರಿಗೆ ಒಬ್ಬ ಹೆಣ್ಣುಮಗಳಿಂದ ಆರಂಭವಾಯಿತೆಂದು ಜನ ತಿಳಿದಾರು ಎಂಬ ಅಂಜಿಕೆಯಿಂದ ಅವರು ‘ಕ್ರಿಸ್ತನನ್ನು ಹೆತ್ತವಳು’ ಎನ್ನೋಣ ಎಂದರು. ಹಾಗೆಂದರೆ ಮರಿಯಮ್ಮನವರ ಮಗ ಬೇರೆ, ದೇವಪುತ್ರ ಬೇರೆ ಎಂದು ಒಬ್ಬರನ್ನೇ ಇಬ್ಬರನ್ನಾಗಿ ಸೀಳಿದಂತಾಗುತ್ತದೆ ಎಂಬುದು ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷ ಸಿರಿಲರ ಆಕ್ಷೇಪ. ಇಷ್ಟನ್ನು ಫಾದರ್ ಹೇಳಿ ಮುಗಿಸುವಾಗ ಮುಂದಿನ ಸಾಲಿನಲ್ಲಿ ಕುಳಿತಿದ್ದ, ಮುದಗಲ್ ಕಡೆಯಿಂದ ಮಗಳ ಮನೆಗೆ ಬಂದಿದ್ದ ಒಬ್ಬ ಅಜ್ಜಿ ಎದ್ದು ನಿಂತು, ‘ಹಡದಾಕಿ ಮಗನ್ನ ಹಡೀತಾಳ. ಬರೇ ಮೈಯಷ್ಟ ಹಡೀತಾಳೇನ್ರೀ ಫಾದರ್? ಜೀವ ಕೊಡಾಂವ ದೇವರು ಅಂತ ನಾವೇನು ಆಕೀನ್ನ ಬರೇ ಮೈಯ ಅವ್ವ ಅಂತೀವೇನು?’ ಎಂದು ಕೇಳಿದರು. ಸಭಾಂಗಣ ನಕ್ಕಿತು, ಫಾದರ್ ನಗಲಿಲ್ಲ. ಈಜಿಪ್ಟಿನ ಸಂನ್ಯಾಸಿಗಳಿಗೆ ಸಿರಿಲರು ಬರೆದ ಪತ್ರದಲ್ಲಿ ಇರುವುದು ಹೆಚ್ಚುಕಡಿಮೆ ಇದೇ ವಾದ: ಆತ್ಮವನ್ನು ಕೊಡುವವನು ದೇವರಾದರೂ ತಾಯಿ ಹೆತ್ತದ್ದು ಇಡೀ ಮನುಷ್ಯನನ್ನೇ ಎನ್ನುತ್ತೇವೆ, ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಸ್ನಾನಿಕ ಯೋವಾನ್ನರನ್ನು ಹೆತ್ತ ಎಲಿಜಬೇತಮ್ಮನವರನ್ನು ಯಾರೂ ಬರಿಯ ಮಾಂಸದ ತಾಯಿ ಎನ್ನುವುದಿಲ್ಲ. ಅಜ್ಜಿಯ ಮಾತನ್ನು ಫಾದರ್ ಹಲಗೆಯ ಮೇಲೆ ಬರೆದುಕೊಂಡು, ಉಳಿದ ಪಾಠವನ್ನೆಲ್ಲ ಅದರ ಸುತ್ತಲೇ ಹೆಣೆದರು. ಒಳ್ಳೆಯ ಮೇಷ್ಟರ ಲಕ್ಷಣ ಅದು.

ದೂರುಗಳೂ ಇವೆ, ಮುಖ್ಯವಾಗಿ ಕೈಪಿಡಿಯ ಮೇಲೆ. ಅದರಲ್ಲಿ ಸಿರಿಲರಿಗೆ ಎಲ್ಲೆಡೆ ಬಹುವಚನ, ನೆಸ್ತೋರಿಯಸರಿಗೆ ಎಲ್ಲೆಡೆ ಏಕವಚನ. ವ್ಯಾಕರಣದ ಮೇಷ್ಟರ ಕಣ್ಣಿಗೆ ಇದು ಬೀಳದೆ ಇರುವುದಿಲ್ಲ, ಮತ್ತು ಪುಟಗಳನ್ನು ತಿರುವಿದಂತೆ ಆ ಏಕವಚನ ಚರಿತ್ರೆಯನ್ನೂ ಬಾಗಿಸಿದೆ ಎಂಬುದು ಗೊತ್ತಾಗುತ್ತದೆ. ನೆಸ್ತೋರಿಯಸರ ಕಡೆಯವರಾದ ಅಂತಿಯೋಕ್ಯದ ಧರ್ಮಾಧ್ಯಕ್ಷ ಯೋವಾನ್ನರೂ ಪೂರ್ವದ ಧರ್ಮಾಧ್ಯಕ್ಷರೂ ಇನ್ನೂ ದಾರಿಯಲ್ಲಿದ್ದಾಗಲೇ, ಚಕ್ರವರ್ತಿಯ ಪ್ರತಿನಿಧಿ ಬೇಡವೆಂದರೂ ಕೇಳದೆ, 431ರ ಜೂನ್ 22ರಂದು ಸಿರಿಲರು ಸಭೆ ಆರಂಭಿಸಿ ಅದೇ ದಿನ ನೆಸ್ತೋರಿಯಸರನ್ನು ಪದಚ್ಯುತಗೊಳಿಸಿದ್ದು. ಕೆಲವೇ ದಿನಗಳಲ್ಲಿ ಬಂದು ಸೇರಿದ ಯೋವಾನ್ನರು ಎದುರು ಸಭೆ ನಡೆಸಿ ಸಿರಿಲರನ್ನೇ ಪದಚ್ಯುತಗೊಳಿಸಿದ್ದು. ಚಕ್ರವರ್ತಿ ಎರಡನೆಯ ಥಿಯೊಡೋಸಿಯಸ್ ಮೊದಲಿಗೆ ಎರಡೂ ಕಡೆಯ ತೀರ್ಪುಗಳನ್ನು ಎತ್ತಿಹಿಡಿದದ್ದು. 433ರಲ್ಲಿ ಸಿರಿಲರೂ ಯೋವಾನ್ನರೂ ಒಪ್ಪಂದಕ್ಕೆ ಬಂದು ಆ ಒಪ್ಪಂದದಲ್ಲೇ ಮರಿಯಮ್ಮನವರನ್ನು ‘ದೇವರನ್ನು ಹೆತ್ತವಳು’ ಎಂದು ಒಪ್ಪಿಕೊಂಡದ್ದು, ಇವುಗಳಲ್ಲಿ ಒಂದೂ ಕೈಪಿಡಿಯಲ್ಲಿಲ್ಲ. ಸರಿಯಾದ ವಿವರಣೆಯಿದ್ದರೆ ಆ ಪದವನ್ನು ಸಹಿಸಬಹುದು ಎಂದು ನೆಸ್ತೋರಿಯಸರೇ ರೋಮಿಗೆ ಬರೆದಿದ್ದರೆಂಬುದೂ ಇಲ್ಲ. ಫಾದರ್ ಬಾಯಿಮಾತಿನಲ್ಲಿ ಅರ್ಧ ತುಂಬಿಕೊಟ್ಟರು, ಆದರೆ ಮನೆಗೆ ಹೋಗುವುದು ಕೈಪಿಡಿಯೇ ಹೊರತು ಬಾಯಿಮಾತಲ್ಲ.

ಮೂರನೆಯ ಸಂಜೆ ಸಪ್ಪೆ. ಮರಿಯಮ್ಮನವರ ಭಕ್ತಿಯನ್ನು ಒಪ್ಪದ ಪೆಂತೆಕೋಸ್ತಿನ ಸಭೆಗೆ ಹೋಗುವ ಸಂಬಂಧಿಕರಿಗೆ ಏನು ಉತ್ತರ ಕೊಡಬೇಕೆಂಬ ಪ್ರಶ್ನೆಗಳಲ್ಲೇ ಹೊತ್ತು ಕಳೆಯಿತು. ಮರಿಯಮ್ಮನವರನ್ನು ‘ನನ್ನ ಪ್ರಭುವಿನ ತಾಯಿ’ ಎಂದು ಕರೆದ ಎಲಿಜಬೇತಮ್ಮನವರ ಮಾತು ಲೂಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿದೆ ಎಂಬುದನ್ನೂ, ಪ್ರೊಟೆಸ್ಟಂಟ್ ಸುಧಾರಣೆಯ ಮುಂದಾಳು ಮಾರ್ಟಿನ್ ಲೂಥರ್ ಕೂಡ ಈ ಬಿರುದನ್ನು ಬಿಟ್ಟಿರಲಿಲ್ಲ ಎಂಬುದನ್ನೂ ಬಿಟ್ಟರೆ ಬರೆದುಕೊಳ್ಳುವಂಥದ್ದು ಹೆಚ್ಚಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಒಬ್ಬ ಹುಡುಗಿ ಕೇಳಿದ್ದರಿಂದ ಕೊನೆಯ ಐದು ನಿಮಿಷಗಳಲ್ಲಿ ಹೊರಬಿತ್ತು. ಎಫೆಸಸನ್ನು ಒಪ್ಪದೆ ಉಳಿದ ಪೂರ್ವದ ಅಸ್ಸೀರಿಯ ಧರ್ಮಸಭೆಯ ಆಗಿನ ಮುಖ್ಯಸ್ಥರಾದ ನಾಲ್ಕನೆಯ ಮಾರ್ ದಿನ್ಖಾ ಮತ್ತು ಪೋಪ್ ಎರಡನೆಯ ಜಾನ್ ಪಾಲ್ 1994ರ ನವೆಂಬರ್ 11ರಂದು ಒಂದೇ ಹೇಳಿಕೆಗೆ ಸಹಿ ಹಾಕಿ, ಒಬ್ಬರು ‘ದೇವಮಾತೆ’ ಎನ್ನುವುದೂ ಇನ್ನೊಬ್ಬರು ‘ನಮ್ಮ ದೇವರೂ ರಕ್ಷಕರೂ ಆದ ಕ್ರಿಸ್ತರ ತಾಯಿ’ ಎನ್ನುವುದೂ ಒಂದೇ ವಿಶ್ವಾಸದ ಮಾತುಗಳೆಂದು ಒಪ್ಪಿಕೊಂಡಿದ್ದಾರೆ. ಆ ಧರ್ಮಸಭೆಯ ಜನ ದೂರದವರೂ ಅಲ್ಲ, ಕೇರಳದ ತ್ರಿಶ್ಶೂರಿನಲ್ಲಿದ್ದಾರೆ. ಸುಮಾರು ಒಂದೂವರೆ ಸಾವಿರ ವರ್ಷಗಳ ಜಗಳ ಇಳಿದ ಬಗೆಯನ್ನು ಚಹಾದ ಲೋಟಗಳನ್ನು ತೆಗೆಯುವ ಸದ್ದಿನ ನಡುವೆ ಕೇಳಬೇಕಾಯಿತು.

ಸ್ಥಳದ ಬಗ್ಗೆ ಹೇಳುವುದಾದರೆ, ಧ್ವನಿವರ್ಧಕ ಚೆನ್ನಾಗಿತ್ತು, ಹಿಂದಿನ ಸಾಲಿಗೆ ಹಲಗೆ ಕಾಣಿಸುತ್ತಿರಲಿಲ್ಲ. ಮಿರ್ಚಿ ಮೂರೂ ದಿನ ಬಿಸಿಯಾಗಿತ್ತು. ಕಥೋಲಿಕರಲ್ಲದವರನ್ನೂ ಕೂರಿಸಿಕೊಂಡು ಅವರ ಪ್ರಶ್ನೆಗಳಿಗೆ ಬೇಸರಪಡದೆ ಉತ್ತರಿಸಿದ್ದು ನನಗೆ ಹಿಡಿಸಿತು. ಜಪಸರ ಹೇಳುವ ಅಭ್ಯಾಸವಿದ್ದು ಅರ್ಥದ ಕಡೆ ಮನಸ್ಸು ಹರಿಯದವರಿಗೆ ಮೊದಲ ಎರಡು ಸಂಜೆಗಳನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಧರ್ಮಸಭೆಯ ಚರಿತ್ರೆಯನ್ನು ಓದಿಕೊಂಡವರಿಗೆ ಇಲ್ಲಿ ಹೊಸದು ಕಡಿಮೆ. ಮುಂದಿನ ತಂಡ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಂತೆ. ನೆಸ್ತೋರಿಯಸರ ಏಕವಚನಗಳಿಗೆಲ್ಲ ಗುರುತು ಹಾಕಿದ ನನ್ನ ಕೈಪಿಡಿಯನ್ನು, 1994ರ ಸಂಗತಿಯನ್ನು ಕೊನೆಯ ಖಾಲಿ ಪುಟದಲ್ಲಿ ಬರೆದು, ಫಾದರ್ ಕೈಗೆ ಕೊಟ್ಟು ಬಂದಿದ್ದೇನೆ.