ಪ್ರೋಗ್ರಾಂ ಕಾಪಿ ಆಯ್ತು ಅಂದ ಮಾತ್ರಕ್ಕೆ ನಂಬ್ಬೇಡಿ, ತೋಟಕ್ಕೆ ಮೋಟರ್ ಬೋರ್ಡ್ ಹಾಕಿಸೋರು ಓದ್ಕೊಳಿ

ಮೋಟರ್ ಮನೆಗೆ ರಾಸ್ಪ್‌ಬೆರಿ ಪೈ ತರದ ಸಣ್ಣ ಕಂಪ್ಯೂಟರ್ ಬೋರ್ಡ್ ಹಾಕಿಸ್ಬೇಕು ಅಂತ ಇರೋ ತೋಟದವ್ರು ಯಾರಾದ್ರೂ ಇದ್ರೆ ದುಡ್ಡು ಕೊಡೋಕ್ ಮುಂಚೆ ಇದನ್ನ ಒಂದ್ಸಲ ಓದ್ಬಿಡಿ. ನಮ್ ಭಾವಂದು ಮೂಡಿಗೆರೆ ಹತ್ರ ರೋಬಸ್ಟಾ ಕಾಫಿ ತೋಟ. ಫೆಬ್ರವರಿ ಮಾರ್ಚಲ್ಲಿ ಮಳೆ ಕೈಕೊಟ್ರೆ ಕೆರೆ ನೀರು ಎತ್ತಿ ಸ್ಪ್ರಿಂಕ್ಲರಲ್ಲಿ ಹೂವಿಗೆ ನೀರು ಕೊಡ್ಬೇಕು, ಆಮೇಲೆ ಕಾಯಿ ನಿಲ್ಲೋಕೆ ಬ್ಯಾಕಿಂಗ್ ಅಂತ ಇನ್ನೊಂದ್ಸಲ. ತ್ರೀ ಫೇಸ್ ಬರೋದು ಯಾವ್ ಹೊತ್ತಿಗೋ, ರಾತ್ರಿ ಎದ್ದು ಕೆರೆ ಕಡೆ ಹೋಗೋಣ ಅಂದ್ರೆ ಆನೆ ಭಯ, ಅದಕ್ಕೆ ಕರೆಂಟ್ ಬಂದ ತಕ್ಷಣ ತಾನಾಗೇ ಮೋಟರ್ ಆನ್ ಆಗೋ ಹಂಗೆ, ಕೆರೆ ಮಟ್ಟ ಇಳಿದ್ರೆ ನಿಲ್ಲೋ ಹಂಗೆ ಒಂದು ಸೆಟ್ ಮಾಡಿಸ್ಕೊಂಡ್ರು. ಬೋರ್ಡು, ಮೋಟರ್ ಆನ್ ಆಫ್ ಮಾಡೋ ರಿಲೇ, ಬಾಕ್ಸು, 64 ಜಿಬಿ ಮೆಮೊರಿ ಕಾರ್ಡು, ಪ್ರೋಗ್ರಾಂ ಎಲ್ಲ ಸೇರ್ಸಿ ಒಂದೇ ರೇಟು. ಮಾಡ್ಕೊಟ್ಟವನ ಹೆಸ್ರು ಇಲ್ಲಿ ಹಾಕಲ್ಲ, ಜಗಳ ಇನ್ನೂ ನಡೀತಿದೆ.

ಅವನ ಕಡೆ ಹುಡುಗ ಬಂದ, ತೋಟದ ಆಫೀಸಲ್ಲಿ ರೈಟರ್ ಲೆಕ್ಕ ಬರೆಯೋ ಕಂಪ್ಯೂಟರ್‌ಗೆ ಪ್ರೋಗ್ರಾಂ ಹಾಕ್ಕೊಂಡು ಅಲ್ಲಿಂದ ನೆಟ್‌ವರ್ಕ್ ಮೇಲೆ ಬೋರ್ಡಿಗೆ ಕಳ್ಸಿದ. ನೂರು ಪರ್ಸೆಂಟ್ ಅಂತ ಬಂತು. ಚೆಕ್‌ಸಮ್ಮೂ, ಅಂದ್ರೆ ಫೈಲಿನ ಒಳಗಿರೋದನ್ನೆಲ್ಲ ಲೆಕ್ಕ ಹಾಕಿ ತೆಗೆಯೋ ನಂಬರ್, ತಾಳೆ ಹಾಕಿ ತೋರಿಸ್ದ, ಎರಡೂ ಕಡೆ ಒಂದೇ ನಂಬರ್. ಮೋಟರ್ ಆನ್ ಆಯ್ತು, ನೀರು ಚಿಮ್ಮಿತು, ಭಾವ ಖುಷಿಯಾಗಿ ಮುಕ್ಕಾಲು ದುಡ್ಡು ಕೊಟ್ಟೇಬಿಟ್ರು.

ರಾತ್ರಿ ಕರೆಂಟ್ ಹೋಯ್ತು, ವಾಪಸ್ ಬಂತು, ಬೋರ್ಡ್ ಲೈಟ್ ಉರೀತು, ಮೋಟರ್ ಮಾತ್ರ ಮಲ್ಗೇ ಇತ್ತು. ಮಾಡ್ಕೊಟ್ಟವನಿಗೆ ಫೋನ್ ಮಾಡಿದ್ರೆ ನಿಮ್ ಕಡೆ ಕರೆಂಟೇ ಸರಿ ಇಲ್ಲ ಸಾರ್ ಅಂದ. ಹುಡುಗ ಬಂದು ಮತ್ತೆ ಅದೇ ಕಾಪಿ, ಮತ್ತೆ ಅದೇ ಕಥೆ. ಆಮೇಲೆ ಸ್ಕ್ರೀನಲ್ಲಿ ಎಕ್ಸೆಕ್ ಫಾರ್ಮ್ಯಾಟ್ ಎರರ್, ಅಂದ್ರೆ ಈ ಫೈಲನ್ನ ಓಡ್ಸೋಕಾಗಲ್ಲ, ಅಂತ ಬರ್ತಿರೋದು ನೋಡಿ ಹೊಸ ರಾಗ ತೆಗೆದ, ನಿಮ್ ಬೋರ್ಡಿಗೆ ಈ ಪ್ರೋಗ್ರಾಂ ಹೊಂದ್ತಿಲ್ಲ ಸಾರ್, ಪ್ರೊಸೆಸರ್ ಬೇರೆ, ಹೊಸ ಬೋರ್ಡ್ ಹಾಕ್ಬೇಕು ಅಂತ. ಬೋರ್ಡ್ ಕೊಟ್ಟಿದ್ದೂ ಅವ್ನೇ ಅನ್ನೋದು ಬೇರೆ ಮಾತು! ಭಾವ ಇನ್ನೇನು ಹೂಂ ಅನ್ನೋದ್ರಲ್ಲಿದ್ರು, ಮೊಗ್ಗು ನಿಂತಿತ್ತಲ್ಲ, ನೀರು ಅರ್ಧಂಬರ್ಧ ಬಿದ್ರೆ ವರ್ಷದ ಫಸಲೇ ಕೆಡುತ್ತೆ. ನಾನೇ ತಡ್ಕೊಳಿ ಅಂತ ಹೇಳಿ ಚಿಕ್ಕಮಗಳೂರಿಂದ ಹೋದೆ.

ಅವ್ನು ಹೇಳಿದ್ದು ಪೂರ್ತಿ ಸುಳ್ಳೇನಲ್ಲ, ಅದೇ ಮೋಸ ನೋಡಿ. ನಮ್ ಡೆಸ್ಕ್‌ಟಾಪ್ ಇಂಟೆಲ್ ಜಾತಿದು, ಪೈ ಆರ್ಮ್ ಜಾತಿದು, ಇದಕ್ಕಂತ ಕಂಪೈಲ್ ಮಾಡಿದ್ದು, ಅಂದ್ರೆ ಇದರ ಮಿಷಿನ್ ಭಾಷೆಗೆ ತಿರುಗಿಸಿದ್ದು, ಅದ್ರಲ್ಲಿ ಓಡಲ್ಲ, ಆಗ ಬರೋದೂ ಇದೇ ಎರರ್ರು. ಆದ್ರೆ ಮೊದಲನೇ ದಿನ ಓಡಿದ್ ಪ್ರೋಗ್ರಾಂ ರಾತ್ರೋರಾತ್ರಿ ಜಾತಿ ಬದಲಾಯಿಸ್ಕೊಳುತ್ತಾ? ಬೋರ್ಡ್ ಓಡಿಸೋ ಲಿನಕ್ಸಲ್ಲಿ ಫೈಲ್ ಅಂತಲೇ ಒಂದು ಕಮಾಂಡ್ ಇದೆ, ಯಾವ್ ತರದ ಫೈಲು ಅಂತ ಹೇಳುತ್ತೆ, ಅದನ್ನ ಆಫೀಸ್ ಕಂಪ್ಯೂಟರಲ್ಲಿದ್ದ ಕಾಪಿ ಮೇಲೆ ಓಡಿಸ್ದೆ, ಇಎಲ್‌ಎಫ್ (ಲಿನಕ್ಸಲ್ಲಿ ಓಡೋ ಪ್ರೋಗ್ರಾಂ ಫೈಲು), ಆರ್ಮ್, 64 ಬಿಟ್ ಅಂತ ಸರಿಯಾಗೇ ಹೇಳ್ತು. ಬೋರ್ಡಲ್ಲಿದ್ದ ಕಾಪಿ ಮೇಲೆ ಓಡಿಸಿದ್ರೆ ಬರೀ ಡೇಟಾ ಅಂತು. ಹೆಸ್ರು ಅದೇ, ಸೈಜ್ ಅದೇ, ತಾರೀಖೂ ಅದೇ, ಹೆಕ್ಸ್‌ಡಂಪ್ ಮಾಡಿ ಒಳಗೆ ನೋಡಿದ್ರೆ ಮೊದಲಿಂದ ಕೊನೇವರ್ಗೂ ಬರೀ ಸೊನ್ನೆ.

ಕಾರ್ಡೇ ಡೂಪ್ಲಿಕೇಟು. ಕಾರ್ಡ್ ತೆಗೆದು ಖಾಲಿ ಮಾಡಿ ಎಫ್3 ಅನ್ನೋ ಟೂಲ್ ಹಾಕಿದೆ, ಅದು ಕಾರ್ಡ್ ಪೂರ್ತಿ ಬರೆದು ವಾಪಸ್ ಓದಿ ನೋಡುತ್ತೆ, ಒಂದ್ ಹೊತ್ತೇ ಬೇಕಾಗುತ್ತೆ, ವಿಂಡೋಸಲ್ಲಾದ್ರೆ ಎಚ್2ಟೆಸ್ಟ್‌ಡಬ್ಲ್ಯೂ ಅಂತಿದೆ. ಡೇಟಾ ಓಕೆ ಅನ್ನೋ ಸಾಲಲ್ಲಿ 8 ಜಿಬಿಗೂ ಕಮ್ಮಿ, ಮಿಕ್ಕಿದ್ದೆಲ್ಲ ಡೇಟಾ ಲಾಸ್ಟ್. ಒಂದು ಸೇರಿನ ಡಬ್ಬಕ್ಕೆ ಎಂಟು ಸೇರು ಅಂತ ಚೀಟಿ ಅಂಟ್ಸಿದಾರೆ ಅಷ್ಟೇ, ಕಾರ್ಡಿನ ಒಳಗಿರೋ ಕಂಟ್ರೋಲರ್ ಚಿಪ್ಪೇ ಸುಳ್ಳು ಹೇಳುತ್ತೆ, ಹಾಗಾಗಿ ಯಾವ ಕಂಪ್ಯೂಟರಿಗೆ ಹಾಕಿದ್ರೂ 64 ಅಂತಲೇ ತೋರ್ಸುತ್ತೆ. ಮೊದಲ ಎಂಟು ಜಿಬಿ ತುಂಬೋವರ್ಗೂ ಏನೂ ಆಗಲ್ಲ ಅಂದ್ಕೋಬೇಡಿ, ಲಿನಕ್ಸ್ ಕಾರ್ಡಲ್ಲಿ ಫೈಲುಗಳನ್ನ ಮೊದಲಿಂದ ಸಾಲಾಗಿ ಇಡಲ್ಲ, ಅಲ್ಲಲ್ಲಿ ಹರಡಿ ಇಡುತ್ತೆ.

ಹಾಗಾದ್ರೆ ಚೆಕ್‌ಸಮ್ ಹೆಂಗೆ ತಾಳೆ ಆಯ್ತು, ಮೋಟರ್ ಹೆಂಗೆ ಓಡ್ತು? ನೀವು ಕಾಪಿ ಮಾಡಿದ್ದು ಮೊದಲು ಹೋಗಿ ಕೂರೋದು ಬೋರ್ಡಿನ ರ‍್ಯಾಮಲ್ಲಿ, ಅಂದ್ರೆ ಕರೆಂಟ್ ಹೋದ್ರೆ ಅಳಿಸಿ ಹೋಗೋ ಮೆಮೊರಿಲಿ, ಕಾರ್ಡಿಗೆ ಆಮೇಲೆ ನಿಧಾನಕ್ಕೆ ಬರೆಯುತ್ತೆ, ಬರೆದಾದ್ ಮೇಲೂ ರ‍್ಯಾಮಲ್ಲಿ ಒಂದು ಪ್ರತಿ ಉಳ್ಕೊಂಡಿರುತ್ತೆ. ತಕ್ಷಣ ಚೆಕ್‌ಸಮ್ ತೆಗೆದ್ರೆ ಅದು ಓದೋದು ರ‍್ಯಾಮಲ್ಲಿರೋದನ್ನ, ಕಾರ್ಡನ್ನ ಮುಟ್ಟೋದೇ ಇಲ್ಲ. ಆ ಹುಡುಗ ತೋರಿಸಿದ್ ಟೆಸ್ಟ್ ಏನನ್ನೂ ಟೆಸ್ಟೇ ಮಾಡ್ಲಿಲ್ಲ. ಒಳ್ಳೆ ಕಾರ್ಡಲ್ಲೂ ಅಷ್ಟೇ, ಕಾಪಿ ಮುಗೀತು ಅಂತ ತಕ್ಷಣ ಪ್ಲಗ್ ಕಿತ್ರೆ ಸೊನ್ನೆ ಬೈಟಿನ ಫೈಲ್ ಸಿಗೋ ಚಾನ್ಸ್ ಇದೆ. ಅದಕ್ಕೆ ಎಲ್ಲಾನೂ ಕಾರ್ಡಿಗೆ ಬರೆಸೋ ಸಿಂಕ್ ಕಮಾಂಡ್ ಕೊಟ್ಟು, ಸರಿಯಾಗಿ ಶಟ್‌ಡೌನ್ ಮಾಡ್ಸಿ, ಪ್ಲಗ್ ಕಿತ್ತು, ಮತ್ತೆ ಆನ್ ಮಾಡ್ಸಿ, ಆಮೇಲೆ ಚೆಕ್‌ಸಮ್ ತೋರ್ಸು ಅನ್ನಿ. ಹತ್ತು ನಿಮಿಷದ ಕೆಲ್ಸ, ಇದಕ್ಕೆ ಮೂಗು ಮುರಿಯೋನ ಹತ್ರ ವ್ಯವಹಾರವೇ ಬೇಡ.

ಕಾರ್ಡ್ ವಿಷ್ಯ ಹೇಳಿ ಜೋರು ಮಾಡಿದ್ ಮೇಲೆ ಹುಡುಗ ಬೇರೆ ಕಾರ್ಡ್ ತಂದ, ನಮ್ ಪ್ರೋಗ್ರಾಂ 64 ಬಿಟ್ಟಿಂದು, ಅದಕ್ಕೆ ಇವ್ನು 32 ಬಿಟ್ ಓಎಸ್ (ಆಪರೇಟಿಂಗ್ ಸಿಸ್ಟಂ) ಹಾಕ್ಬಿಟ್ಟ. ಈಗ ಎರರ್ ಇನ್ನೂ ವಿಚಿತ್ರ, ಫೈಲ್ ಪಟ್ಟಿ ತೋರ್ಸೋ ಎಲ್‌ಎಸ್ ಕೊಟ್ರೆ ಫೈಲ್ ಕಣ್ಮುಂದೆ ಕಾಣುತ್ತೆ, ಓಡ್ಸಿದ್ರೆ ನೋ ಸಚ್ ಫೈಲ್ ಅಂತ ಬರುತ್ತೆ. ಇಲ್ಲ ಅಂತಿರೋದು ನಿಮ್ ಪ್ರೋಗ್ರಾಂ ಅಲ್ಲ, ಅದನ್ನ ಎಬ್ಬಿಸೋ 64 ಬಿಟ್ ಲೋಡರ್ರು. ಎಷ್ಟು ಬಿಟ್ ಅಂತ ಯೂನೇಮ್ ಕಮಾಂಡಲ್ಲಿ ಕೇಳಿದ್ರೆ 64 ಅಂತಲೇ ಹೇಳುತ್ತೆ, ಯಾಕಂದ್ರೆ 2023ರಿಂದ ಪೈ 4ರಲ್ಲಿ 32 ಬಿಟ್ ಓಎಸ್ ಇದ್ರೂ ಅದರ ತಿರುಳಾದ ಕರ್ನಲ್ 64 ಬಿಟ್ಟೇ ಬೂಟ್ ಆಗುತ್ತೆ. ಗೆಟ್‌ಕಾನ್ಫ್ ಲಾಂಗ್ ಬಿಟ್ ಅನ್ನೋ ಕಮಾಂಡ್ ಕೊಟ್ಟು ಕೇಳಿ, ಅದು ನಿಜ ಹೇಳುತ್ತೆ. ಪೆನ್‌ಡ್ರೈವಲ್ಲಿ ಕಾಪಿ ಮಾಡೋರು ಟಾರ್ ಕಮಾಂಡಲ್ಲಿ ಒಂದೇ ಗಂಟು ಕಟ್ಕೊಂಡು ಹೋಗಿ, ಇಲ್ಲಾಂದ್ರೆ ಓಡ್ಸೋ ಪರ್ಮಿಷನ್ ಹಾರಿ ಹೋಗುತ್ತೆ.

ಈಗ 64 ಬಿಟ್ ಓಎಸ್ ಹಾಕಿ, ಪೈ ಸೆಟ್ಟಿಂಗ್ ಬದಲಾಯಿಸೋ ರಾಸ್ಪಿ ಕಾನ್ಫಿಗಲ್ಲಿ ಓವರ್‌ಲೇ ಫೈಲ್‌ಸಿಸ್ಟಂ ಆನ್ ಮಾಡಿದೀವಿ. ಅದಾದ್ರೆ ಬೋರ್ಡ್ ಓಡುವಾಗ ಕಾರ್ಡಿಗೆ ಏನೂ ಬರೆಯಲ್ಲ, ಮಲೆನಾಡ ಕರೆಂಟಿಗೆ ಇದಿಲ್ದೆ ಆಗಲ್ಲ. ಹೊಸ ಪ್ರೋಗ್ರಾಂ ಹಾಕುವಾಗ ಮಾತ್ರ ಆಫ್ ಮಾಡ್ಕೊಬೇಕು, ಇಲ್ಲಾಂದ್ರೆ ಕಾಪಿ ಮಾಡಿದ್ದು ರೀಬೂಟಿಗೆ ಮಾಯ.

ಸೆಟ್ ಮಾಡ್ಕೊಟ್ಟವನು ಡೂಪ್ಲಿಕೇಟ್ ಕಾರ್ಡಿನ ದುಡ್ಡು ಕೊಡ್ತೀನಿ, ಬಾಕಿ ಕಾಲು ಭಾಗ ಮೊದ್ಲು ಕೊಡಿ ಅಂತಿದಾನೆ. ಪ್ರೋಗ್ರಾಂ ಬರೆದಿರೋ ಮೂಲ ಪ್ರತಿ, ಅಂದ್ರೆ ಸೋರ್ಸ್ ಕೋಡ್, ಪೂರ್ತಿ ರೈಟರ ಕಂಪ್ಯೂಟರಿಗೆ ಹಾಕು, ಅದ್ರಿಂದ ಕಂಪೈಲ್ ಮಾಡಿ ನಮ್ಮೆದುರೇ ಬೋರ್ಡಲ್ಲಿ ಓಡ್ಸು, ಆಮೇಲೆ ದುಡ್ಡು ಅಂತ ಭಾವ ಹೇಳಿದಾರೆ. ಅದಕ್ಕಿನ್ನೂ ಉತ್ತರ ಬಂದಿಲ್ಲ.